ಸೈದಾಬಿಯ ಬಲ ಹೆಬ್ಬೆರಳು

ಹತ್ತಿ ಬೀಜದ ಹೊಲದಲ್ಲಿ ಹೆಂಗಸರ ಹೆಬ್ಬೆರಳಿನ ಉಗುರೇ ಉಪಕರಣ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಮಧ್ಯಾಹ್ನವೇ ಗುರುತಿಸಬೇಕು. ಅದರ ಬುಡಕ್ಕೆ ಉಗುರು ಊರಿ ಸುತ್ತ ತಿರುಗಿಸಿದರೆ ಎಸಳು, ಅದಕ್ಕೆ ಅಂಟಿಕೊಂಡ ಗಂಡು ಕೇಸರ ಎಲ್ಲವೂ ಟೊಪ್ಪಿಗೆಯ ಹಾಗೆ ಕಳಚಿ ಬರುತ್ತವೆ. ಒಳಗಿನ ಎಳೆಗಾಯಿ ಮತ್ತು ಅದರ ಮೇಲಿನ ಬಿಳಿ ಪೊರೆ ಹಾಗೇ ಉಳಿಯಬೇಕು. ಉಗುರು ಕೂದಲೆಳೆಯಷ್ಟು ಆಳಕ್ಕಿಳಿದರೂ ಪೊರೆ ಹರಿದು ಕಾಯಿ ಉದುರುತ್ತದೆ. ಮೇಲೆ ಮೇಲೆ ಹೋದರೆ ಕೇಸರ ಉಳಿದು, ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಿ ಬೀಜ ಬೆರಕೆಯಾಗುತ್ತದೆ. ಮಾರನೆಯ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಅದಕ್ಕೆ ಸವರುತ್ತಾರೆ. ಈ ಎರಡು ಹೊತ್ತಿನ ಕೆಲಸಕ್ಕೆ ರಾಣೆಬೆನ್ನೂರು ಸೀಮೆಯಲ್ಲಿ ಕ್ರಾಸಿಂಗ್ ಎನ್ನುತ್ತಾರೆ.

ಗುತ್ತಲದ ಸೈದಾಬಿ ಇಪ್ಪತ್ತೆರಡು ವರ್ಷದಿಂದ ಕ್ರಾಸಿಂಗ್ ಮಾಡಿದವಳು. ಪ್ರಭುಲಿಂಗಪ್ಪ ಎಂಬ ರೈತರ ಹೊಲದಲ್ಲಿ ಹನ್ನೆರಡು ಹೆಂಗಸರ ಗುಂಪಿತ್ತು. ಗುಂಪಿನ ಮುಂದಾಳು ಆಕೆಯೇ. ಕೆಲಸ ಶುರುವಾಗುವ ಹಿಂದಿನ ದಿನ ಹನ್ನೆರಡೂ ಮಂದಿ ಹೊಲದ ಬೇವಿನ ಗಿಡದ ಕೆಳಗೆ ಕೂಡುವ ಪದ್ಧತಿಯೊಂದು ಅವರಲ್ಲಿ ಬೆಳೆದಿತ್ತು. ಸೈದಾಬಿ ತನ್ನ ನೇಲ್ ಕಟ್ಟರ್ ತೆಗೆದು, ಒಬ್ಬೊಬ್ಬರ ಹೆಬ್ಬೆರಳನ್ನೂ ತನ್ನ ಮಡಿಲಲ್ಲಿ ಇಟ್ಟುಕೊಂಡು, ಉಗುರಿಗೆ ಬೇಕಾದ ಕಮಾನನ್ನು ತಾನೇ ಕತ್ತರಿಸಿಕೊಡುತ್ತಿದ್ದಳು. ಇದಕ್ಕೆ ಅವರು ‘ಉಗುರು ಹಿಡಿಸಿಕೊಳ್ಳೂದು’ ಎನ್ನುತ್ತಿದ್ದರು. ಸೈದಾಬಿ ಹಿಡಿದ ಉಗುರಿನಿಂದ ಕಾಯಿ ಉದುರುವುದಿಲ್ಲ ಎಂಬ ಮಾತು ಪಕ್ಕದ ಹೊಲದವರ ತನಕ ಹಬ್ಬಿತ್ತು. ಅವರೂ ಒಬ್ಬಿಬ್ಬರು ಬಂದು ಕೈ ಒಡ್ಡುತ್ತಿದ್ದರು.

ಈ ವರ್ಷ ಆಗಸ್ಟ್ ಮೊದಲ ವಾರ ಹತ್ತಿ ಮೊಗ್ಗು ಬಿಡತೊಡಗಿದಾಗ ಸೈದಾಬಿಯ ಸ್ವಂತ ಹೆಬ್ಬೆರಳು ಕೆಟ್ಟಿತ್ತು. ಉಗುರು ದಪ್ಪವಾಗಿ ಹಳದಿಗೆ ತಿರುಗಿತ್ತು. ತುದಿ ಹಳೆಯ ಗಾರೆಯಂತೆ ಪುಡಿಪುಡಿ ಉದುರುತ್ತಿತ್ತು. ಅಡಿಯಲ್ಲಿ ಬೂದು ಬಣ್ಣದ ಹಿಟ್ಟಿನಂಥದ್ದು ಸೇರಿಕೊಂಡಿತ್ತು. ನೋವಿರಲಿಲ್ಲ. ನೋವಿಲ್ಲದ ಕಾರಣಕ್ಕೇ ಐದಾರು ತಿಂಗಳು ಹಾಗೇ ಹೋಯಿತು. ಬೇರೆಯವರ ಕಣ್ಣಿಗೆ ಬೀಳದಂತೆ ಆಕೆ ಹದಿನೈದು ದಿನಕ್ಕೊಮ್ಮೆ ಉಗುರಿಗೆ ಮದರಂಗಿ ಹಚ್ಚಿಕೊಳ್ಳುತ್ತಿದ್ದಳು. ಕೆಂಪಗಿನ ಉಗುರನ್ನು ನೋಡಿ ಯಾರೂ ಏನೂ ಕೇಳುತ್ತಿರಲಿಲ್ಲ.

ಗೊತ್ತಿದ್ದದ್ದು ಗಂಡ ಮಕ್ತುಮಸಾಬನಿಗೆ ಮಾತ್ರ. ಅವನು ರಾಣೆಬೆನ್ನೂರಿನ ಒಂದು ಬೀಜದ ಗೋದಾಮಿನಲ್ಲಿ ಚೀಲ ಹೊಲಿಯುವ ಕೆಲಸದವನು. ಮೂವತ್ತು ವರ್ಷ ಬೀಜದ ನಡುವೆ ಕಳೆದವನಿಗೆ ಲೋಕದ ಎಲ್ಲ ಸಮಸ್ಯೆಯೂ ಬೀಜದ ಸಮಸ್ಯೆಯಾಗಿ ಕಾಣುತ್ತಿತ್ತು.

“ಇದು ಬೂಷ್ಟು,” ಎಂದು ಒಂದು ಸಂಜೆ ಆಕೆಯ ಬೆರಳನ್ನು ಬಲ್ಬಿನ ಬೆಳಕಿಗೆ ಹಿಡಿದು ತೀರ್ಪು ಕೊಟ್ಟ. “ತೇವ ತಗೊಂಡ ಶೇಂಗಾ ಬೀಜಕ್ಕ ಬರ್ತೈತಲ್ಲ, ಅದ. ನೋಡಿದ ಕೂಡ್ಲೆ ಗೊತ್ತಾಗ್ತೈತಿ.”

“ಗೊತ್ತಾದ್ರ ಏನ ಮಾಡ್ಬೇಕು ಹೇಳ್ರಿ.”

“ಬೀಜಕ್ಕ ಏನ ಮಾಡ್ತೀವಿ? ಪುಡಿ ಹಚ್ತೀವಿ.”

ಅಟ್ಟದ ಮೇಲೆ ಜೂನ್ ಬಿತ್ತನೆಯಲ್ಲಿ ಉಳಿದ ಬೀಜೋಪಚಾರದ ಗುಲಾಬಿ ಪುಡಿ ಇತ್ತು. ಶೇಂಗಾ ಬೀಜಕ್ಕೆ ಬೂಷ್ಟು ಬರದಂತೆ ಬಿತ್ತುವ ಮುಂಚೆ ಹಚ್ಚುವಂಥದ್ದು. ಸೈದಾಬಿ ಅನುಮಾನಿಸಿದಳು. ಮಕ್ತುಮಸಾಬ ಅನುಮಾನಿಸಲಿಲ್ಲ. “ಬೀಜದ ಬೂಷ್ಟಿಗೆ ಬರೂದು ಉಗುರಿನ ಬೂಷ್ಟಿಗೆ ಯಾಕ ಬರೂದಿಲ್ಲ? ಬೂಷ್ಟಿಗೇನ ಗೊತ್ತಾಗ್ತೈತಿ, ತಾ ಶೇಂಗಾದ ಮ್ಯಾಲೆ ಕುಂತೇನೋ ಸೈದಾಬಿ ಮ್ಯಾಲೆ ಕುಂತೇನೋ ಅಂತ?” ಎಂದು ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಉಗುರಿಗೆ ಮೆತ್ತಿ, ಬಟ್ಟೆ ಸುತ್ತಿ ಕಟ್ಟಿದ.

ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಬೆರಳು ಊದಿ ಎರಡರಷ್ಟಾಗಿತ್ತು. ಉಗುರಿನ ಸುತ್ತ ನೀರು ತುಂಬಿದ ಗುಳ್ಳೆಗಳು. ಮಕ್ತುಮಸಾಬ ಅವತ್ತು ಗೋದಾಮಿಗೆ ಹೋಗಲಿಲ್ಲ. ಹೆಂಡತಿಯನ್ನು ಹಾವೇರಿ ಬಸ್ಸಿಗೆ ಹತ್ತಿಸಿದ. ದಾರಿಯುದ್ದಕ್ಕೂ ಆಕೆಯ ಚೀಲವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಆ ಗುಳ್ಳೆಗಳ ಉಪಕಾರವನ್ನು ಸೈದಾಬಿ ಮುಂದೆ ಎಷ್ಟೋ ಸಲ ನೆನೆದಳು. ಅವು ಏಳದೇ ಇದ್ದಿದ್ದರೆ ಆಕೆ ಮದರಂಗಿ ಹಚ್ಚುತ್ತಲೇ ಇರುತ್ತಿದ್ದಳು.

ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಆ ದಿನ ಕೂತಿದ್ದವರು ಡಾಕ್ಟರ್ ಭುವನಾ. ಮೂವತ್ತರ ಆಸುಪಾಸಿನ ಹೆಂಗಸು. ಬೆರಳು ನೋಡಿದವರೇ, “ಇದಕ್ಕ ಏನ ಹಚ್ಚೀರಿ?” ಎಂದರು.

ಸೈದಾಬಿ ಗಂಡನ ಕಡೆ ನೋಡಿದಳು. ಮಕ್ತುಮಸಾಬ ಗೋಡೆಯ ಮೇಲಿನ ಪೋಲಿಯೊ ಭಿತ್ತಿಪತ್ರವನ್ನು ಓದುತ್ತಿದ್ದ.

“ಬೀಜದ ಪುಡಿರಿ,” ಎಂದಳು.

“ಯಾರ ಹೇಳಿದ್ರು?”

“ಇವರ ಹೇಳಿದ್ರು. ಇವರು ಬೀಜಕ್ಕ ಡಾಕ್ಟರ್ ಇದ್ದಂಗರಿ.”

ಡಾಕ್ಟರ್ ನಗಲಿಲ್ಲ. ಪುಡಿಯ ಹೆಸರು ಕೇಳಿ ಬರೆದುಕೊಂಡರು. “ನೋಡ್ರಿ ಅಜ್ಜಾರ, ಅದು ವಿಷ. ಬೀಜಕ್ಕ ಹಚ್ಚುವಾಗನೂ ಕೈಗವಸು ಹಾಕ್ಕೋಬೇಕಂತ ಡಬ್ಬಿ ಮ್ಯಾಲೆ ಬರದಿರ್ತಾರ. ಇನ್ನೊಮ್ಮೆ ಮೈಗೆ ಮುಟ್ಟಿಸಬ್ಯಾಡ್ರಿ,” ಎಂದರು. ಐವತ್ತೆರಡು ವರ್ಷದ ಮಕ್ತುಮಸಾಬನಿಗೆ ವಿಷ ಎಂದದ್ದಕ್ಕಿಂತ ಅಜ್ಜಾರ ಎಂದದ್ದು ಹೆಚ್ಚು ತಾಗಿತು.

ಆಮೇಲೆ ಡಾಕ್ಟರ್ ಒಂದು ವಿಚಿತ್ರ ಮಾತು ಹೇಳಿದರು: “ಈಗ ಕಾಲು ತೋರಸ್ರಿ.”

“ಕಾಲಿಗೆ ಏನೂ ಆಗಿಲ್ಲರಿ. ಕೈಗೆ ಆಗಿದ್ದು. ಬ್ಯಾಡಗಿ ಖಾರದಿಂದ ಆಗೈತಿ ಇದು. ಸುಗ್ಗಿ ಮುಗದ ಮ್ಯಾಲೆ ಅಲ್ಲಿ ಮೆಣಸಿನಕಾಯಿ ತೊಟ್ಟಿನ ತುಂಬು ಬಿಡಸಾಕ ಹೋಗಿದ್ದೆ.”

“ಇರಲಿ. ತೋರಸ್ರಿ.”

ಸೈದಾಬಿ ನಾಚಿಕೊಂಡು ಚಪ್ಪಲಿ ಬಿಟ್ಟಳು. ಡಾಕ್ಟರ್ ಟಾರ್ಚ್ ಹಿಡಿದು ಬಗ್ಗಿದರು. ಎರಡೂ ಕಾಲುಗಳ ಕಿರುಬೆರಳ ಸಂದಿ ಬಿಳಿಚಿ ಮೆತ್ತಗಾಗಿತ್ತು. ಅಂಗಾಲಿನ ಚರ್ಮ ಹಿಟ್ಟು ಚೆಲ್ಲಿದಂತೆ ಹೊಟ್ಟೆದ್ದಿತ್ತು. ಎಡಗಾಲಿನ ಹೆಬ್ಬೆರಳ ಉಗುರು ಕೈಯ ಉಗುರಿನಂತೆಯೇ ದಪ್ಪ, ಹಳದಿ.

“ಇದು ಎಷ್ಟು ವರ್ಷದಿಂದ ಐತಿ?”

“ಇದಾ? ಇದು ಕೆಸರಿಗೆ ಆಗೂದು ಮೇಡಂರಿ. ಹತ್ತು ವರ್ಷ ಆಗಿರಬೇಕು. ಹೊಲದಾಗ ಎಲ್ಲಾರಿಗೂ ಆಗ್ತೈತಿ.”

“ಹೊಲದಾಗ ಕಾಲಿಗೆ ಏನ ಹಾಕ್ಕೋತೀರಿ?”

“ಪ್ಲಾಸ್ಟಿಕ್ ಬೂಟು. ಹಾವು ಹುಳ ಅಂತ.”

“ಒದ್ದಿ ಆದ್ರ?”

“ಒದ್ದಿನ ಇರ್ತಾವು. ಸಂಜಿ ತನಕ.”

ಡಾಕ್ಟರ್ ಕುರ್ಚಿಗೆ ಮರಳಿ, ಆಕೆಯ ಕಾಲು ಮೊದಲು ಕೆಟ್ಟಿದೆ, ಕೈ ಆಮೇಲೆ ಕೆಟ್ಟಿದೆ ಎಂದು ವಿವರಿಸಿದರು. ಒದ್ದೆ ಬೂಟಿನೊಳಗೆ ಬೆವೆತ ಬೆರಳ ಸಂದಿಯಲ್ಲಿ ಫಂಗಸ್ ಬೆಳೆಯುತ್ತದೆ. ಅಲ್ಲಿಂದ ಕಾಲುಗುರಿಗೆ ಇಳಿಯುತ್ತದೆ. ಆ ಕಾಲನ್ನು ಕೆರೆಯುವ, ಆ ಉಗುರು ಕತ್ತರಿಸುವ ಕೈಗೆ ಹತ್ತುತ್ತದೆ. ಎರಡು ಕಾಲು, ಒಂದು ಕೈ. ಇದು ತಾವು ವಾರದಲ್ಲಿ ಒಂದೆರಡು ಸಲ ನೋಡುವ ಲೆಕ್ಕ ಎಂದರು. ಮೆಣಸಿನಕಾಯಿಯ ಖಾರ ಚರ್ಮ ಉರಿಸಬಹುದು, ಅದು ಫಂಗಸ್ ತರುವುದಿಲ್ಲ. ಸದಾ ನೀರಿನಲ್ಲಿರುವ ಕೈ, ಪೆಟ್ಟು ತಿಂದು ಅಂಚು ಎದ್ದ ಉಗುರು, ಸಕ್ಕರೆ ಕಾಯಿಲೆ, ವಯಸ್ಸು ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ.

“ಅಂದ್ರ ಹೊಲಸು ಇದ್ದವರಿಗೆ ಬರ್ತೈತಿ ಅಂದಂಗಾತು,” ಎಂದಳು ಸೈದಾಬಿ.

“ಅಲ್ಲ. ದಿನಕ್ಕ ಹತ್ತು ಸಲ ಕೈ ತೊಳದು ಒರಸದ ಇರೂರಿಗೂ ಬರ್ತೈತಿ. ಹೊಲಸಿಗೂ ಇದಕ್ಕೂ ಸಂಬಂಧ ಇಲ್ಲ. ತೇವ ಇದ್ದಲ್ಲಿ ಬರ್ತೈತಿ.”

ಸೈದಾಬಿಯ ಮುಖ ಸಪ್ಪಗಾದದ್ದನ್ನು ಡಾಕ್ಟರ್ ಗಮನಿಸಲಿಲ್ಲ. ಅವರು ಮುಂದಿನ ಪ್ರಶ್ನೆ ಕೇಳುತ್ತಿದ್ದರು.

“ನಿಮ್ಮ ನೇಲ್ ಕಟ್ಟರ್ ಮತ್ತ್ಯಾರು ಉಪಯೋಗಿಸ್ತಾರ?”

ಸೈದಾಬಿ ಬಗ್ಗಿ ಚಪ್ಪಲಿ ಸಿಕ್ಕಿಸಿಕೊಳ್ಳತೊಡಗಿದಳು. ಮಕ್ತುಮಸಾಬನೇ ಹೇಳಿದ: “ಇಡೀ ಗುಂಪರಿ, ಹನ್ನೆರಡು ಮಂದಿ.”

ಡಾಕ್ಟರ್ ಪೆನ್ನು ಕೆಳಗಿಟ್ಟರು.

ಗುಳ್ಳೆಗೆ ಮುಲಾಮು ಕೊಟ್ಟರು. ಉಗುರಿನ ಚೂರು ಕತ್ತರಿಸಿ, ಅಡಿಯ ಪುಡಿ ಕೆರೆದು, ಕಾಗದದಲ್ಲಿ ಮಡಚಿ ಪ್ರಯೋಗಾಲಯಕ್ಕೆ ಕಳಿಸಿದರು. ದಪ್ಪಗಾದ ಉಗುರೆಲ್ಲ ಫಂಗಸ್ ಅಲ್ಲ, ಸುಮಾರು ಅರ್ಧದಷ್ಟು ಬೇರೆ ಕಾರಣಕ್ಕೆ ಆಗಿರುತ್ತವೆ, ಅದಕ್ಕೇ ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದಿಲ್ಲ ಎಂದರು. ಸಕ್ಕರೆ ಮತ್ತು ಯಕೃತ್ತಿನ ರಕ್ತಪರೀಕ್ಷೆಗೂ ಬರೆದರು. ಮಂಗಳವಾರ ಬರಲು ಹೇಳಿದರು.

“ಮೇಡಂರಿ, ಇಪ್ಪತ್ತನೇ ತಾರೀಖಿಗೆ ನನ್ನ ಕೆಲಸ ಚಾಲೂ ಆಗ್ತೈತಿ. ಅಷ್ಟ್ರಾಗ ಬೆರಳು ಸುಧಾರಸ್ತೈತಿಲ್ರಿ?”

“ಗುಳ್ಳೆ ವಾರದಾಗ ಮಾಯ್ತೈತಿ. ಉಗುರು ಹಂಗಲ್ಲ. ಕೆಟ್ಟ ಉಗುರು ಸರಿ ಆಗೂದಿಲ್ಲ, ಹೊಸಾ ಉಗುರು ಬುಡದಿಂದ ಬೆಳಕೊಂಡು ಬರಬೇಕು. ಕೈಯಿಂದಕ್ಕ ಐದಾರು ತಿಂಗಳು. ಕಾಲಿಂದಕ್ಕ ವರ್ಷ ದಾಟ್ತೈತಿ.”

ಬಸ್ ನಿಲ್ದಾಣದಲ್ಲಿ ಮಕ್ತುಮಸಾಬ ಎರಡು ಚಹ ತಂದ. “ಐದಾರು ತಿಂಗಳು ಅಂದ್ರ ಈ ಸಲದ ಕ್ರಾಸಿಂಗ್ ಮುಗೀತು,” ಎಂದ. ಸೈದಾಬಿ ಕೆಲಸದ ಬಗ್ಗೆ ಯೋಚಿಸುತ್ತಿರಲಿಲ್ಲ.

“ಪ್ರೇಮವ್ವ,” ಎಂದಳು.

ಪ್ರೇಮವ್ವ ಹದಿನಾಲ್ಕು ವರ್ಷ ಸೈದಾಬಿಯ ಪಕ್ಕದ ಸಾಲಿನಲ್ಲಿ ಕೆಲಸ ಮಾಡಿದವಳು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಆಕೆಯ ಸಾಲಿನಲ್ಲಿ ಕಾಯಿ ಉದುರತೊಡಗಿದವು. ಸೈದಾಬಿ ಎಲ್ಲರ ಎದುರಿಗೆ ಆಕೆಯ ಕೈ ಎತ್ತಿ ನೋಡಿದಳು. ಹೆಬ್ಬೆರಳ ಉಗುರು ಹಳದಿಯಾಗಿ, ಅಂಚು ಎದ್ದು ಗರಗಸದಂತಾಗಿತ್ತು. “ಕೈ ತೊಳಕೊಂಡು ಸ್ವಚ್ಛ ಇದ್ದಿದ್ರ ಹಿಂಗ ಆಗ್ತಿರಲಿಲ್ಲ. ಈ ಉಗುರು ಹೊಲಕ್ಕ ನಡಿಯೂದಿಲ್ಲ, ನಾಳಿಂದ ಬರಬ್ಯಾಡ,” ಎಂದಿದ್ದಳು. ಉಳಿದ ಹತ್ತು ಹೆಂಗಸರೂ ಕೇಳಿಸಿಕೊಂಡಿದ್ದರು. ಪ್ರೇಮವ್ವ ಬುತ್ತಿಗಂಟು ತೆಗೆದುಕೊಂಡು ಹೊರಟುಹೋಗಿದ್ದಳು. ಈಗ ಬ್ಯಾಡಗಿಯಲ್ಲಿ ತಂಗಿಯ ಮನೆಯಲ್ಲಿದ್ದು ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ಯಾರೋ ಹೇಳಿದ್ದರು. ಹೋದ ಬೇಸಿಗೆ ಸೈದಾಬಿಯೂ ಬ್ಯಾಡಗಿಯಲ್ಲಿದ್ದಳು. ಆಕೆ ಇರುವ ಓಣಿಯ ಕಡೆಗೆ ಒಮ್ಮೆಯೂ ಹೋಗಿರಲಿಲ್ಲ.

“ಅಕಿ ಉಗುರು ನಾನ ಹಿಡಿದಿದ್ದೆ. ಅದಕ್ಕಿಂತ ಮೊದಲ ನನ್ನ ಕಾಲಿನ ಉಗುರು ತಗದಿದ್ದೆ. ಅದ ಕಟ್ಟರ್,” ಎಂದಳು ಸೈದಾಬಿ.

“ಯಾರಿಗೂ ಗೊತ್ತಿಲ್ಲಲ್ಲ,” ಎಂದ ಮಕ್ತುಮಸಾಬ. ಹೆಂಡತಿಯ ಮುಖ ನೋಡಿ, “ನಾ ಅನ್ನೂದು ಅದಲ್ಲ,” ಎಂದು ಚಹದ ಲೋಟ ತಿರುಗಿಸಿದ.

ಮಾರನೆಯ ದಿನ ಸೈದಾಬಿ ಒಬ್ಬಳೇ ಬ್ಯಾಡಗಿಗೆ ಹೊರಟಳು. ಹಾವೇರಿಯಲ್ಲಿ ಬಸ್ ಬದಲಾಯಿಸಿ, ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡು, ಮೋಟೆಬೆನ್ನೂರಿನ ಮೇಲೆ ಹಾದು ಇಳಿದಾಗ ಹನ್ನೊಂದು ಗಂಟೆ. ಮಳೆಗಾಲದಲ್ಲಿ ಮಾರುಕಟ್ಟೆ ಅಂಗಳದಲ್ಲಿ ರಾಶಿಗಳಿರುವುದಿಲ್ಲ. ಶೀತಗೃಹದಿಂದ ತೆಗೆದ ಚೀಲಗಳನ್ನು ತಗಡಿನ ಕೊಟ್ಟಿಗೆಗಳಲ್ಲಿ ಸುರಿದುಕೊಂಡು ಹೆಂಗಸರು ತುಂಬು ಮುರಿಯುತ್ತಾರೆ. ನಾಲ್ಕನೆಯ ಕೊಟ್ಟಿಗೆಯಲ್ಲಿ ಪ್ರೇಮವ್ವ ಸಿಕ್ಕಳು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು. ಬಲ ಹೆಬ್ಬೆರಳಿಗೆ ಚಿಂದಿ ಸುತ್ತಿತ್ತು.

“ಓಹೋ, ಹಿರೇ ಮನಷಾರು ಬಂದಾರ,” ಎಂದಳು ಪ್ರೇಮವ್ವ, ಏಳದೆ. “ಏನ ಅಕ್ಕಾ, ನಮ್ಮ ಕೈ ತಪಾಸ ಮಾಡಾಕ ಬಂದಿ? ಕುಂದ್ರು. ಸ್ವಚ್ಛ ಜಾಗಾ ನೋಡಿ ಕುಂದ್ರು ಮತ್ತ.”

ಪಕ್ಕದ ಹೆಂಗಸರು ನಕ್ಕರು. ಘಾಟಿಗೆ ಸೈದಾಬಿ ಐದಾರು ಸಲ ಕೆಮ್ಮಿದಳು. ಹೊರಗೆ ಬಾ ಎಂದು ಕರೆಯಬಹುದಿತ್ತು. ಹೋದ ವರ್ಷ ತಾನು ಹೇಳಿದ್ದು ಎಲ್ಲರ ಎದುರಿಗೆ ಎಂದು ನೆನಪಾಗಿ ಅಲ್ಲೇ ಕೂತಳು. ತನ್ನ ಬ್ಯಾಂಡೇಜ್ ಬಿಚ್ಚಿ ಉಗುರು ತೋರಿಸಿದಳು. ಡಾಕ್ಟರ್ ಕಾಲು ನೋಡಿದ್ದು, ಕಟ್ಟರ್ ವಿಷಯ ಕೇಳಿದ್ದು, ಹೊಲಸಿಗೂ ಇದಕ್ಕೂ ಸಂಬಂಧವಿಲ್ಲ ಎಂದದ್ದು, ಒಂದನ್ನೂ ಬಿಡದೆ ಹೇಳಿದಳು.

“ನಿನ್ನ ಉಗುರು ಕೆಡಿಸಿದ್ದು ನನ್ನ ಕಟ್ಟರ್ ಇರಬೇಕು. ಕೆಡಿಸಿ, ಮ್ಯಾಲೆ ನಿನಗ ಹೊಲಸು ಅಂದೆ. ತಪ್ಪಾತು.”

ಪ್ರೇಮವ್ವನ ಕೈ ನಿಂತಿತು. ಸೆರಗು ಕೆಳಗೆಳೆದಳು.

“ಹನ್ನೊಂದು ತಿಂಗಳು,” ಎಂದಳು. “ಹನ್ನೊಂದು ತಿಂಗಳು ನಾ ಈ ಕೈಗೆ ಸೋಡಾ ಹಾಕಿ ತಿಕ್ಕಿ ತಿಕ್ಕಿ ತೊಳದೇನಿ. ನನ್ನ ತಂಗಿ ಮನ್ಯಾಗ ರೊಟ್ಟಿ ಬಡಿಯಾಕ ಕುಂದ್ರುದಿಲ್ಲ ನಾ. ಯಾರರ ನೋಡಿ ಅಸಹ್ಯ ಪಟ್ಟಾರು ಅಂತ.”

“ಮಂಗಳವಾರ ಹಾವೇರಿ ದವಾಖಾನಿಗೆ ಬಾ. ನಾ ಕರಕೊಂಡು ಹೋಗ್ತೇನಿ.”

“ನಿನ್ನ ಜೋಡಿ ನಾ ಎಲ್ಲಿಗೂ ಬರೂದಿಲ್ಲ.”

ಸೈದಾಬಿ ಇನ್ನೂ ಏನೋ ಹೇಳಲು ಹೋದಾಗ ಪ್ರೇಮವ್ವ ಮೆಣಸಿನಕಾಯಿ ರಾಶಿಯನ್ನು ತನ್ನ ಕಡೆ ಎಳೆದುಕೊಂಡಳು. ಸೈದಾಬಿ ಎದ್ದು ಬಂದಳು. ಡಾಕ್ಟರ್ ಚೀಟಿ ನೋಡಿ ತನ್ನ ಮಗಳು ಬರೆದುಕೊಟ್ಟಿದ್ದ ವಿಳಾಸ, ದಿನ, ಕೊಠಡಿಯ ನಂಬರು ಇದ್ದ ಕಾಗದವನ್ನು ಪ್ರೇಮವ್ವನ ಬುತ್ತಿಗಂಟಿನ ಅಡಿ ಸಿಕ್ಕಿಸಿ ಬಂದಿದ್ದಳು.

ಮಂಗಳವಾರ ಆಸ್ಪತ್ರೆಯ ಸಾಲಿನಲ್ಲಿ ಪ್ರೇಮವ್ವ ಆಗಲೇ ನಿಂತಿದ್ದಳು. ಸೈದಾಬಿಗಿಂತ ಎಂಟು ಜನ ಮುಂದೆ. ಒಮ್ಮೆ ತಿರುಗಿ ನೋಡಿ ಮತ್ತೆ ಮುಂದೆ ಮುಖ ಮಾಡಿದಳು. ಸೈದಾಬಿ ಆ ಬೆನ್ನುಗಳ ಆಚೆ ಕಾಣುತ್ತಿದ್ದ ಹಸಿರು ಕುಪ್ಪಸವನ್ನೇ ನೋಡುತ್ತ, ಅಲ್ಲಾಹನಿಗೆ ಮನಸ್ಸಿನಲ್ಲೇ ಶುಕ್ರ್ ಎಂದು ಕೃತಜ್ಞತೆ ಹೇಳಿದಳು.

ಸೈದಾಬಿಯ ಪರೀಕ್ಷೆಯಲ್ಲಿ ಫಂಗಸ್ ಖಚಿತವಾಗಿತ್ತು. ಸಕ್ಕರೆ ಇರಲಿಲ್ಲ, ಯಕೃತ್ತು ಸರಿಯಿತ್ತು. ಪ್ರೇಮವ್ವನ ಉಗುರಿನ ಚೂರನ್ನು ಅಂದೇ ಕ್ಷಾರದ ಹನಿಯಲ್ಲಿ ನೆನೆಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಮಧ್ಯಾಹ್ನ ಎರಡಕ್ಕೆ ಅದರಲ್ಲೂ ಫಂಗಸ್ ಇದೆ ಎಂದು ಬಂತು. ಇಬ್ಬರೂ ಒಂದೇ ಹೊಲದವರೆಂದು ತಿಳಿದ ಡಾಕ್ಟರ್ ಭುವನಾ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಪ್ರೇಮವ್ವನ ಕಾಲನ್ನೂ ನೋಡಿದರು. ಅಲ್ಲಿಯೂ ಬೆರಳ ಸಂದಿ ಬಿಳಿಚಿತ್ತು.

“ಮೇಡಂರಿ, ಇಕಿಗೆ ಬಂದಿದ್ದು ನನ್ನಿಂದನ ಅಲ್ರಿ?” ಎಂದಳು ಸೈದಾಬಿ.

“ಹೇಳಾಕ ಆಗೂದಿಲ್ಲ. ಒಂದ ಕಟ್ಟರಿನಿಂದ ಹರಡೂದು ಖರೇ. ಆದ್ರ ಇವರ ಕಾಲಾಗೂ ಐತಿ. ಅವರ ಕಾಲಿಂದ ಅವರ ಕೈಗೆ ಬಂದಿರಬಹುದು. ಇವರಿಂದ ನಿಮಗ ಬಂದಿರಬಹುದು. ಯಾರಿಂದ ಯಾರಿಗೆ ಅಂತ ಈ ಪರೀಕ್ಷಾ ತೋರಸೂದಿಲ್ಲ.”

“ಇಲ್ರಿ, ನನ್ನಿಂದನ ಇರಬೇಕು. ಕಟ್ಟರ್ ನಂದು.”

ಪ್ರೇಮವ್ವ ಆ ದಿನ ಮೊದಲ ಸಲ ಬಾಯಿ ಬಿಟ್ಟಳು. “ಅಕ್ಕಾ, ಎಲ್ಲಾದ್ರಾಗೂ ನೀನ ಮುಂದಿರಬೇಕಂತಿ ಅಲ? ರೋಗ ಕೊಡೂದ್ರಾಗೂ? ಮೇಡಂ ಅಷ್ಟು ಓದಿದವರು ಗೊತ್ತಿಲ್ಲ ಅನ್ನಾಕತ್ತಾರ. ಇಕಿಗೆ ಗೊತ್ತೈತಂತ. ನನ್ನ ಕಾಲಾಗೂ ಐತಿ, ನಾನೂ ಕೊಟ್ಟಿರಬಹುದು. ನನಗೂ ಒಂದೀಟು ಹಕ್ಕು ಇರಲಿ.”

ಡಾಕ್ಟರ್ ಅಂದು ನಕ್ಕರು. ಸೈದಾಬಿ ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡಳು. ಅಷ್ಟು ದೊಡ್ಡ ಉಪಕಾರವನ್ನು ಅಷ್ಟು ಒರಟಾಗಿ ಆಕೆಗೆ ಯಾರೂ ಮಾಡಿರಲಿಲ್ಲ.

ಪ್ರೇಮವ್ವನಿಗೆ ಆರು ವಾರದ ಮಾತ್ರೆ. ಕಾಲುಗುರೂ ಕೆಟ್ಟಿದ್ದ ಸೈದಾಬಿಗೆ ಹನ್ನೆರಡು ವಾರ, ನಡುವೆ ಮತ್ತೊಮ್ಮೆ ರಕ್ತಪರೀಕ್ಷೆ. ಬೆರಳ ಸಂದಿಗೆ ಮುಲಾಮು. ಡಾಕ್ಟರ್ ಹೇಳಿದ ಉಳಿದ ಮಾತುಗಳನ್ನು ಪ್ರೇಮವ್ವ ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದಳು. ಒಬ್ಬೊಬ್ಬರಿಗೆ ಒಂದೊಂದು ಕಟ್ಟರ್. ಕೈಗೆ ಬೇರೆ, ಕಾಲಿಗೆ ಬೇರೆ. ಹಳೆಯ ಬೂಟು ಬಿಸಾಕಬೇಕು. ಹೊಸದು ತಂದರೆ ಒಳಗೆ ನೂಲಿನ ಕಾಲುಚೀಲ, ಒದ್ದೆಯಾದರೆ ಬದಲಿಸಬೇಕು. ಕಾಲು ತೊಳೆದ ಮೇಲೆ ಬೆರಳ ಸಂದಿ ಒರೆಸಬೇಕು. ಪಾತ್ರೆ ತಿಕ್ಕುವಾಗ ಕೈಗವಸು. ಕಾಲಿನಲ್ಲಿ ತುರಿಕೆ ಕಂಡ ಕೂಡಲೇ ತೋರಿಸಬೇಕು, ಹತ್ತು ವರ್ಷ ಕಾಯಬಾರದು.

“ಮತ್ತ ಬೀಜದ ಪುಡಿ ಹಚ್ಚಬಾರದು,” ಎಂದು ಸೈದಾಬಿ ಸೇರಿಸಿದಳು.

“ಅದನ್ಯಾವ ಹುಚ್ಚ ಹಚ್ಚತಾನ?”

ಸೈದಾಬಿ ಯಾವ ಹುಚ್ಚ ಎಂದು ಹೇಳಿದಳು. ಮೋಟೆಬೆನ್ನೂರು ಬರುವ ತನಕ ಪ್ರೇಮವ್ವ ನಗುತ್ತಲೇ ಇದ್ದಳು. ಸೈದಾಬಿ ಗುತ್ತಲದ ಬಸ್ ಬಿಟ್ಟು ತನ್ನ ಜೊತೆಯೇ ಬ್ಯಾಡಗಿ ಬಸ್ ಹತ್ತಿದ್ದಾಳೆ ಎಂಬುದು ಆಕೆಗೆ ಆಗ ಹೊಳೆಯಿತು.

“ನೀ ಎಲ್ಲಿಗೆ ಹೊಂಟಿ?”

“ನಿನ್ನ ತಂಗಿ ಮನಿಗೆ. ನಿನ್ನ ಗಂಟು ಕಟ್ಟಿಸಾಕ. ಗುಂಪಿಗೆ ತಿರುಗಿ ಬಾ.”

“ಎರಡು ಕೆಟ್ಟ ಹೆಬ್ಬೆರಳು ಇಟಗೊಂಡು ಪ್ರಭಣ್ಣಾರ ಏನ ಮಾಡ್ತಾರ? ಉಪ್ಪಿನಕಾಯಿ ಹಾಕ್ತಾರ?”

ಸೈದಾಬಿ ಗಂಟು ಕಟ್ಟಿಸಿಯೇ ಆಕೆಯನ್ನು ಕರೆತಂದಳು. ಹತ್ತೊಂಬತ್ತರ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಅದೇ ಪ್ರಶ್ನೆಯನ್ನು ಪ್ರಭುಲಿಂಗಪ್ಪನವರೇ ಕೇಳಿದರು, ಉಪ್ಪಿನಕಾಯಿಯ ಮಾತು ಬಿಟ್ಟು. ಸೈದಾಬಿ ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದನ್ನು ಮುಗಿಸಿದಳು. ಕೈ ಒಡ್ಡಿಕೊಂಡು ಕೂತಿದ್ದ ಹೆಂಗಸರಿಗೆ ತನ್ನ ಹೆಬ್ಬೆರಳು ಎತ್ತಿ ತೋರಿಸಿ ಎಲ್ಲವನ್ನೂ ಹೇಳಿದಳು. ಪ್ರೇಮವ್ವನಿಗೆ ಹೋದ ವರ್ಷ ಅಂದ ಮಾತು ಸುಳ್ಳು ಎಂದಳು. ಆಮೇಲೆ ಗುಂಪಿನಲ್ಲೇ ವಯಸ್ಸಾದ ಫಕ್ಕೀರವ್ವ ಎಡಗಾಲು ಮುಂದೆ ಚಾಚಿ, “ಇದನ್ನೊಂದೀಟು ನೋಡ ಡಾಕ್ಟರ್ ಸೈದಾಬಿ,” ಎಂದಳು. ಮತ್ತಿಬ್ಬರು ಸೆರಗಿನಡಿಯಿಂದ ಕೈ ತೆಗೆದರು. ಒಬ್ಬಳ ಉಗುರಿಗೂ ಮದರಂಗಿ ಇತ್ತು.

ಮಕ್ತುಮಸಾಬ ರಾಣೆಬೆನ್ನೂರಿನಿಂದ ಎರಡು ಡಜನ್ ನೇಲ್ ಕಟ್ಟರ್ ತಂದಿದ್ದ. ಒಬ್ಬೊಬ್ಬರಿಗೆ ಎರಡೆರಡು ಹಂಚಿದ. ಕಾಲಿನದಕ್ಕೆ ಗುರುತು ಸಿಗಲೆಂದು ಚೀಲ ಹೊಲಿಯುವ ಕೆಂಪು ದಾರ ಕಟ್ಟಿದ್ದ. “ಬೀಜದ ಡಾಕ್ಟರ್ ಕೊಟ್ಟಾರ, ಎಣ್ಣ್ಯಾಗ ಕಲಸಿ ಹಚಗೋರಿ,” ಎಂದಳು ಪ್ರೇಮವ್ವ. ಅವನು ಹಂಚುತ್ತ ಹೋದ. ಸೈದಾಬಿ ಈ ಸಲ ಯಾರ ಕೈಯನ್ನೂ ಹಿಡಿಯಲಿಲ್ಲ. ದೂರದಿಂದಲೇ ‘ಇನ್ನೊಂದೀಟು ಅಡ್ಡ’, ‘ಸಾಕು’ ಎಂದು ಹೇಳಿಕೊಟ್ಟಳು. ತಾವೇ ಕತ್ತರಿಸಿಕೊಂಡ ಕಮಾನುಗಳು ಸೊಟ್ಟಗಿದ್ದರೂ ಕೆಲಸಕ್ಕೆ ಅಡ್ಡಿಯಿರಲಿಲ್ಲ.

ಪ್ರಭುಲಿಂಗಪ್ಪನವರ ಪ್ರಶ್ನೆಗೆ ಉತ್ತರ ಹೊಳೆದದ್ದು ಫಕ್ಕೀರವ್ವನಿಗೆ. “ಮುಂಜಾನಿ ಪರಾಗ ಸವರಾಕ ಉಗುರು ಯಾಕ ಬೇಕರಿ ಅಣ್ಣಾರ? ಗಂಡು ಹೂ ಹಿಡಿಯಾಕ ಎರಡು ಬೆರಳು ಇದ್ರ ಸಾಕು. ಇವರಿಬ್ಬರೂ ಮುಂಜಾನಿ ಸವರಲಿ. ಮಧ್ಯಾಹ್ನ ನಾವು ಬಿಡಿಸಿದ ಮೊಗ್ಗು ತಪಾಸ ಮಾಡಲಿ.” ಪ್ರಭುಲಿಂಗಪ್ಪನವರು ಒಂದು ಕ್ಷಣ ಯೋಚಿಸಿ, “ತಪಾಸಕ್ಕ ಇವರಿಗಿಂತ ಚೂಪು ಕಣ್ಣು ಯಾರಿಗದಾವು,” ಎಂದು ಒಪ್ಪಿದರು.

ಇಪ್ಪತ್ತೊಂದರ ಬೆಳಿಗ್ಗೆ ಎಂಟೂವರೆಗೆ ಹೊಲದಲ್ಲಿ ಹಿಂದಿನ ಮಧ್ಯಾಹ್ನ ಬಿಡಿಸಿದ ಹೂಗಳಿದ್ದವು. ಸೈದಾಬಿ ಮತ್ತು ಪ್ರೇಮವ್ವ ಅಕ್ಕಪಕ್ಕದ ಸಾಲು ಹಿಡಿದರು. ಒಂದೊಂದು ಗಂಡು ಹೂವಿನಿಂದ ನಾಲ್ಕೈದು ಹೆಣ್ಣು ಹೂಗಳಿಗೆ ಮೆಲ್ಲಗೆ ಸವರುತ್ತ ಹೋದರು. ಎಲೆಗಳ ಮೇಲೆ ಇನ್ನೂ ಇಬ್ಬನಿ ಇತ್ತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಇಬ್ಬರ ಕಾಲೂ ಮೊಣಕಾಲ ತನಕ ಒದ್ದೆ. ಬದುವಿನ ಮೇಲೆ ಕೂತು ಚಪ್ಪಲಿ ಬಿಟ್ಟರು. ಸೈದಾಬಿ ಸೊಂಟಕ್ಕೆ ಸಿಕ್ಕಿಸಿದ್ದ ಅರಿವೆ ತೆಗೆದು ಬೆರಳ ಸಂದಿ ಒಂದೊಂದನ್ನೇ ಒರೆಸಿದಳು. ಆಮೇಲೆ ಅದನ್ನು ಪ್ರೇಮವ್ವನ ಕಡೆ ಚಾಚಿದಳು.

“ಮತ್ತ ಚಾಲೂ ಮಾಡಿದಿ?” ಎಂದಳು ಪ್ರೇಮವ್ವ. “ನಿನ್ನ ಅರಿವಿ ನಿನಗ, ನನ್ನ ಅರಿವಿ ನನಗ. ಮೇಡಂ ಹೇಳಿದ್ದು ಮೂರು ದಿನಕ್ಕ ಮರತಿ.” ತನ್ನ ಅರಿವೆ ತೆಗೆದು ಒರೆಸಿಕೊಂಡಳು. ಕೈಗೆ ನೀರು ಹಾಕಿಕೊಂಡು, ಒಣಗಿಸಿಕೊಂಡು, ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಹೆಸರುಕಾಳು ಪಲ್ಲೆ, ಶೇಂಗಾ ಚಟ್ನಿ. ರೊಟ್ಟಿ ಮುರಿದು ದೊಡ್ಡ ಪಾಲನ್ನು ಸೈದಾಬಿಯ ಕೈಯಲ್ಲಿಟ್ಟಳು.

“ನಾನ ಬಡಿದಿದ್ದು,” ಎಂದಳು.

ಸೈದಾಬಿ ರೊಟ್ಟಿ ಹಿಡಿದುಕೊಂಡೇ ಕೂತಳು. “ಪ್ರೇಮಾ, ನೀ ಅವತ್ತು ದವಾಖಾನಿಗೆ ಬರದ ಇದ್ದಿದ್ರ...”

“ಬಂದೇನಲ್ಲ. ಸುಮ್ನ ತಿನ್ನು, ಲಗೂ ತಿನ್ನು. ಬಿಸಲ ಏರಾಕತ್ತೈತಿ, ಇನ್ನ ಆರು ಸಾಲು ಅದಾವು.”